ಮಾಳಿಗೆಯೇರಿದ ನೀರೊಲೆ

ಮಾರ್ಗಶಿರ-ಪುಷ್ಯ ಮಾಸಗಳಲ್ಲಿ ನಮ್ಮ ಬೀದರ ಜಿಲ್ಲೆಯ ಚಳಿಯನ್ನು ಅನುಭವಿಸದವರು, ಈ ಸೀಮೆಯೆಂದರೆ ವರ್ಷದ ಹನ್ನೆರಡು ತಿಂಗಳೂ ಬಿಸಿಲಿನ ಬೇಗೆಯೆಂದೇ ಭಾವಿಸಿರುವರು. ಆ ದಿನಗಳಲ್ಲಿ ಮುಂಜಾವಿನ ಉಷ್ಣಮಾನವು ೧೦ ಡಿಗ್ರಿಗಿಂತಲೂ ಕೆಳಗಿಳಿಯುವುದುಂಟು. ಬಸವಕಲ್ಯಾಣ, ಹುಮನಾಬಾದಗಳ ಹಳೆಯ ಮನೆಗಳಲ್ಲಿ ಇಂಥ ಹೊತ್ತಿನಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ಮನೆಯ ಹಿರಿಯ ಹೆಂಗಸು. ತೊಗರಿಕಟ್ಟಿಗೆಯನ್ನೂ ಕುಳ್ಳನ್ನೂ ಒಟ್ಟಿ, ಬಂಬಕ್ಕೋ ಹಂಡೆಗೋ ಉರಿ ಹಚ್ಚಿ, ಹೊಗೆಗೆ ಕಣ್ಣೊರೆಸಿಕೊಳ್ಳುತ್ತ, ಮನೆಮಂದಿಯ ಸ್ನಾನಕ್ಕೆ ಒಬ್ಬೊಬ್ಬರಿಗೂ ಎರಡೆರಡು ಕೊಡ ನೀರು ಕಾಸಿಕೊಡುವಷ್ಟರಲ್ಲಿ ಅವಳಿಗೆ ಹೊತ್ತು ಏರಿಹೋಗುತ್ತಿದ್ದಿತು. ಆ ಒಲೆಯು ಈಗ ಬಚ್ಚಲನ್ನು ಬಿಟ್ಟು ಮಾಳಿಗೆಯನ್ನು ಏರಿದೆ. ಕಟ್ಟಿಗೆಯ ಸ್ಥಾನದಲ್ಲಿ ಸೂರ್ಯನಿರುವನು. ಹಿರಿಯಳ ಸ್ಥಾನದಲ್ಲಿ ಯಾರಿರುವರೆಂಬುದನ್ನು ಮಾತ್ರ ನಾವು ಯೋಚಿಸುವುದಿಲ್ಲ.

ಆ ಸ್ಥಾನದಲ್ಲಿರುವವನು ಸೋಲಾರ ಮಿಸ್ತ್ರಿ. ಸಂಸ್ಕೃತವನ್ನು ಕಲಿತ ನಮ್ಮಂಥವರು ಹೆಸರಿಡುವುದರಲ್ಲಿ ಉದಾರಿಗಳಾದುದರಿಂದ ಆ ಯಂತ್ರವನ್ನು 'ಸೌರಜಲತಾಪಕ'ವೆಂದು ಕರೆಯಬಹುದು. ಆದರೆ ಪೇಟೆಯಲ್ಲಿ ಆ ಹೆಸರನ್ನು ಹೇಳಿದರೆ ಯಾವ ಅಂಗಡಿಕಾರನೂ ತಲೆಯೆತ್ತಿ ನೋಡುವುದಿಲ್ಲ. ಜನರ ಮಾತಿನಲ್ಲಿ ಅದು ಬರಿಯ 'ಸೋಲಾರ'. ಅದನ್ನು ಕೂರಿಸುವವನು, ಕೆಟ್ಟಾಗ ಸರಿಪಡಿಸುವವನು, ಮಿಸ್ತ್ರಿ. ಗೃಹಸ್ಥರಾದ ವಾಚಕರು ಯಂತ್ರವನ್ನು ಕೊಳ್ಳುವಾಗ ಕಂಪನಿಯ ಹೆಸರನ್ನು ವಿಚಾರಿಸುವರು, ಬೆಲೆಯನ್ನು ನಾಲ್ಕು ಕಡೆ ತೂಗಿ ನೋಡುವರು. ಅದನ್ನು ಕೂರಿಸಲು ಬರುವವನು ಯಾರು, ಅವನು ಆ ವಿದ್ಯೆಯನ್ನು ಎಲ್ಲಿ ಕಲಿತನೆಂಬುದನ್ನು ಕೇಳುವವರು ನನಗಂತೂ ಕಾಣಸಿಗಲಿಲ್ಲ. ಆದರೆ ಆ ಯಂತ್ರದ ಅರ್ಧ ಗುಣವು ಕಾರ್ಖಾನೆಯಲ್ಲಿ ಹುಟ್ಟಿದರೆ ಉಳಿದರ್ಧವು ನಮ್ಮ ಮಾಳಿಗೆಯ ಮೇಲೆಯೇ, ಈ ಮನುಷ್ಯನ ಕೈಯಲ್ಲಿ, ಹುಟ್ಟತಕ್ಕದ್ದಾಗಿದೆ. ಈ ತಿಂಗಳು ಅವನ ಕೆಲಸದ ವಿಚಾರವನ್ನೇ ಬರೆಯಬೇಕೆಂದು ಮನಸ್ಸಾಯಿತು.

ಬಿಸಿನೀರಿನ ಸ್ನಾನವು ನಮ್ಮ ಕಲ್ಯಾಣಕ್ಕೆ ಹೊಸದಲ್ಲ. ಇದೇ ಊರು ಚಾಲುಕ್ಯರ ರಾಜಧಾನಿಯಾಗಿದ್ದಾಗ ಆಳಿದ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿನಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ, ಅರಸನು ಅನುಭವಿಸತಕ್ಕ ಉಪಭೋಗಗಳ ಸಾಲಿನಲ್ಲಿ ಗೃಹಭೋಗದ ಬೆನ್ನಿಗೇ ಸ್ನಾನಭೋಗಕ್ಕೆ ಒಂದು ಪ್ರಕರಣವನ್ನು ಮೀಸಲಿಟ್ಟಿರುವನು. ವಾಗ್ಭಟನು 'ಅಷ್ಟಾಂಗಹೃದಯ'ದಲ್ಲಿ ಕೊರಳಿನಿಂದ ಕೆಳಗೆ ಬಿಸಿನೀರು ಬಲಕರವೆಂದೂ, ಅದನ್ನೇ ತಲೆಗೆ ಎರೆದುಕೊಂಡರೆ ಕಣ್ಣಿಗೂ ಕೂದಲಿಗೂ ಹಾನಿಯೆಂದೂ ಎಚ್ಚರಿಸಿರುವನು. ಈ ಎಚ್ಚರಿಕೆಯನ್ನು ಸೋಲಾರ ಇರುವ ಮನೆಯವರು ವಿಶೇಷವಾಗಿ ನೆನೆಯಬೇಕು. ಏಕೆಂದರೆ ಒಲೆಯ ನೀರನ್ನು ಕೈಯಿಟ್ಟು ನೋಡಿ ಇಳಿಸುತ್ತಿದ್ದರು, ಮಾಳಿಗೆಯ ನೀರು ವೈಶಾಖದಲ್ಲಿ ೮೦ ಡಿಗ್ರಿಯನ್ನು ಮುಟ್ಟಿದರೂ ನಮಗೆ ಹೇಳಿ ಬರುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಮೊದಲು ತಣ್ಣೀರಿನ ನಳ, ಆಮೇಲೆ ಬಿಸಿನೀರಿನ ನಳ ಎಂಬ ಕ್ರಮವನ್ನು ಬಿಡತಕ್ಕದ್ದಲ್ಲ.

ಯಂತ್ರದ ತತ್ತ್ವವು ಬಹು ಸರಳವಾದುದು. ೧೭೬೭ರಲ್ಲಿ ಜಿನೀವಾ ನಗರದ ಸೊಸ್ಸೂರ್ ಎಂಬ ವಿದ್ವಾಂಸನು ಗಾಜಿನ ಮುಚ್ಚಳವುಳ್ಳ ಪೆಟ್ಟಿಗೆಯೊಂದನ್ನು ಬಿಸಿಲಿನಲ್ಲಿಟ್ಟು ಅದರೊಳಗೆ ಶಾಖವು ಹೇಗೆ ಸೆರೆಯಾಗುವುದೆಂಬುದನ್ನು ಪರೀಕ್ಷಿಸಿದನು. ಅಮೆರಿಕದ ಕೆಂಪ್ ಎಂಬವನು ೧೮೯೧ರಲ್ಲಿ ಅಂಥ ಪೆಟ್ಟಿಗೆಯೊಳಗೆ ನೀರಿನ ಡಬ್ಬಿಗಳನ್ನಿಟ್ಟು, ಅದಕ್ಕೆ ಹಕ್ಕುಪತ್ರವನ್ನು ಪಡೆದು ಮಾರಿದನು. ಅದರ ದೋಷವೇನೆಂದರೆ, ಹಗಲಿನಲ್ಲಿ ಕಾಯ್ದ ನೀರು ರಾತ್ರಿ ಆರಿಹೋಗುತ್ತಿದ್ದಿತು. ೧೯೦೯ರಲ್ಲಿ ಕ್ಯಾಲಿಫೋರ್ನಿಯದ ಬೇಲಿ ಎಂಬವನು ಕಾಯಿಸುವ ಫಲಕವನ್ನೂ ನೀರು ತುಂಬಿಡುವ ಹಂಡೆಯನ್ನೂ ಬೇರೆಬೇರೆ ಮಾಡಿ, ಹಂಡೆಗೆ ಕಂಬಳಿ ಹೊದಿಸಿದಂತೆ ಶಾಖರಕ್ಷಕವನ್ನು ಸುತ್ತಿದನು. ಇಂದು ನಮ್ಮ ಮಾಳಿಗೆಯ ಮೇಲಿರುವುದು ಆ ಬೇಲಿಯ ಯಂತ್ರದ ವಂಶವೇ ಸರಿ. ಬಿಸಿಯಾದ ನೀರು ಹಗುರಾಗಿ ಮೇಲೇರುವುದು, ತಣ್ಣಗಿನದು ಭಾರವಾಗಿ ಕೆಳಗಿಳಿಯುವುದು. ಹಂಡೆಯು ಫಲಕಕ್ಕಿಂತ ಎತ್ತರದಲ್ಲಿದ್ದರೆ ಸಾಕು, ಪಂಪೂ ಬೇಡ, ವಿದ್ಯುತ್ತೂ ಬೇಡ, ನೀರು ತಾನಾಗಿ ದಿನವೆಲ್ಲ ಸುತ್ತುವುದು.

ಈಗ ಎರಡು ಬಗೆಗಳು ರೂಢಿಯಲ್ಲಿರುವುವು. ಒಂದು ಚಪ್ಪಟೆಯ ಫಲಕ: ಕಪ್ಪು ಲೇಪನದ ತಾಮ್ರದ ತಗಡು, ಅದಕ್ಕೆ ಬೆಸೆದ ತಾಮ್ರದ ಸಣ್ಣ ಕೊಳವೆಗಳು, ಮೇಲೆ ಗಟ್ಟಿಮಾಡಿದ ಗಾಜು. ಮತ್ತೊಂದು ಗಾಜಿನ ಕೊಳವೆಗಳದು: ಒಂದರೊಳಗೊಂದು ಸೇರಿಸಿದ ಎರಡು ಕೊಳವೆಗಳ ನಡುವಿನ ಗಾಳಿಯನ್ನು ಹೊರತೆಗೆದಿರುವರು, ನಮ್ಮ ಚಹದ ಥರ್ಮಾಸ್ ಕುಪ್ಪಿಯ ಉಪಾಯವೇ ಇದು. ೧೦೦ ಲೀಟರಿಗೆ ಚಪ್ಪಟೆ ಫಲಕವಾದರೆ ಸುಮಾರು ೨ ಚದರ ಮೀಟರು ಬೇಕು. ಲೆಕ್ಕವನ್ನು ಪ್ರೀತಿಸುವ ವಾಚಕರು ಇಷ್ಟನ್ನು ಗುಣಿಸಿ ನೋಡಬಹುದು: ೧೦೦ ಲೀಟರು ನೀರನ್ನು ೨೦ ಡಿಗ್ರಿಯಿಂದ ೬೦ ಡಿಗ್ರಿಗೆ ಏರಿಸಲು ೪,೦೦೦ ಕಿಲೋಕ್ಯಾಲರಿ ಶಾಖವು ಬೇಕು, ವಿದ್ಯುತ್ತಿನ ಭಾಷೆಯಲ್ಲಿ ಹೇಳುವುದಾದರೆ ಅದು ನಾಲ್ಕೂವರೆ ಯೂನಿಟ್ಟಿಗಿಂತ ತುಸು ಹೆಚ್ಚು. ಪ್ರತಿದಿನವೂ ಇಷ್ಟನ್ನು ಬಿಸಿಲಿನಿಂದ ಪಡೆದ ಮನೆಯು ವರ್ಷಕ್ಕೆ ಎಷ್ಟನ್ನು ಉಳಿಸಿತೆಂಬುದು ಏಳನೆಯ ತರಗತಿಯ ಹುಡುಗನಿಗೂ ಬರತಕ್ಕ ಲೆಕ್ಕ.

ತತ್ತ್ವವು ಸರಳವಾದ ಮಾತ್ರಕ್ಕೆ ಅದನ್ನು ಕೂರಿಸುವ ಕೆಲಸವು ಸರಳವೆಂದು ತಿಳಿಯಲಾಗದು. ಒಳ್ಳೆಯ ಮಿಸ್ತ್ರಿಯು ಯಂತ್ರವನ್ನು ಹೊತ್ತು ತರುವ ಮುನ್ನ ಬರಿಗೈಯಲ್ಲಿ ಒಮ್ಮೆ ಬಂದು ಮಾಳಿಗೆಯನ್ನು ನೋಡುವನು. ಅವನು ಮೊದಲು ನೋಡುವುದು ಬಿಸಿಲನ್ನಲ್ಲ, ನೆರಳನ್ನು. ದಕ್ಷಿಣದ ಕಡೆ ಬೇವಿನ ಮರವಿದೆಯೋ, ನೆರೆಮನೆಯವರು ಮತ್ತೊಂದು ಅಂತಸ್ತು ಕಟ್ಟಲು ಕಂಬಿಗಳನ್ನು ಬಿಟ್ಟಿರುವರೋ, ಇವನ್ನೆಲ್ಲ ವಿಚಾರಿಸುವನು. ಬಸವಕಲ್ಯಾಣವಾಗಲಿ ಹುಮನಾಬಾದವಾಗಲಿ ಹದಿನೇಳು ಮುಕ್ಕಾಲು ಡಿಗ್ರಿಯ ಆಸುಪಾಸಿನ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಉತ್ತರಾಯಣವು ಆರಂಭವಾಗುವ ಡಿಸೆಂಬರಿನ ದಿನಗಳಲ್ಲಿ ಸೂರ್ಯನು ನಡುಮಧ್ಯಾಹ್ನದಲ್ಲಿಯೂ ದಿಗಂತದಿಂದ ಸುಮಾರು ೪೯ ಡಿಗ್ರಿಗಿಂತ ಮೇಲೇರನು. ಅದೇ ಸೂರ್ಯನು ಮೇ ತಿಂಗಳ ಎರಡನೆಯ ವಾರದಲ್ಲೊಮ್ಮೆ, ಆಗಸ್ಟಿನ ಆರಂಭದಲ್ಲೊಮ್ಮೆ ಸರಿಯಾಗಿ ನೆತ್ತಿಯ ಮೇಲೆ ಬರುವನು. ಆ ಎರಡು ದಿನ ಮಧ್ಯಾಹ್ನದಲ್ಲಿ ನೆಟ್ಟನೆಯ ಕೋಲಿಗೆ ನೆರಳೇ ಬೀಳದು. ಬಿಸಿನೀರು ಬೇಕಾಗುವುದು ಮೇ ತಿಂಗಳಲ್ಲಲ್ಲ, ಚಳಿಯಲ್ಲಿ. ಆದಕಾರಣ ಫಲಕವನ್ನು ದಕ್ಷಿಣಾಭಿಮುಖವಾಗಿ, ಅಕ್ಷಾಂಶಕ್ಕಿಂತ ಹತ್ತು ಡಿಗ್ರಿ ಹೆಚ್ಚಾಗಿ, ಅಂದರೆ ೨೮ ಡಿಗ್ರಿಯಷ್ಟು, ಬಾಗಿಸಿ ನಿಲ್ಲಿಸುವರು. ಶಾಲೆಯಲ್ಲಿ ನಾವು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದು ಬರೆದು ಅಳಿಸಿದ ಅಕ್ಷಾಂಶವನ್ನು ಅವನು ಕಬ್ಬಿಣದ ಕಾಲುಗಳಲ್ಲಿ ಬರೆದು ನಿಲ್ಲಿಸುವನು.

ಅನಂತರ ಭಾರದ ವಿಚಾರ. ನಮ್ಮ ಸೀಮೆಯಲ್ಲಿ ಕಲ್ಲಿನ ಗೋಡೆ, ಮರದ ತೊಲೆ, ಮೇಲೆ ಮಣ್ಣು ಹಾಸಿದ ಮಾಳಿಗೆಯ ಮನೆಗಳು ಇನ್ನೂ ಉಳಿದಿರುವುವು. ೨೦೦ ಲೀಟರಿನ ಯಂತ್ರವು ನೀರು ತುಂಬಿದಾಗ ೩೦೦ ಕಿಲೋಗ್ರಾಮನ್ನು ಮೀರಿ ತೂಗುವುದು. ಅಷ್ಟು ಭಾರವನ್ನು ನಾಲ್ಕು ಸಣ್ಣ ಕಾಲುಗಳ ಮೇಲೆ ಹೊರಿಸಿ ಹಳೆಯ ಮಣ್ಣಿನ ಮಾಳಿಗೆಯ ನಡುಮಧ್ಯದಲ್ಲಿಟ್ಟರೆ ಏನಾಗಬಹುದೆಂಬುದನ್ನು ಮಳೆಗಾಲದಲ್ಲಿ ಮಾಳಿಗೆ ಸೋರಿದ ಮನೆಯವರು ಬಲ್ಲರು. ಇಂಥಲ್ಲಿ ಗೋಡೆಯಿಂದ ಗೋಡೆಗೆ ಕಬ್ಬಿಣದ ತೊಲೆಯನ್ನು ಹಾಯಿಸಿ ಅದರ ಮೇಲೆ ಕೂರಿಸಬೇಕು. ಅದಕ್ಕೆ ಅನುಕೂಲವಿಲ್ಲದಿದ್ದರೆ 'ಇಲ್ಲಿ ಬೇಡ'ವೆಂದು ಹೇಳಿ ಹಿಂದಿರುಗಬೇಕು. ಮಾರಾಟದ ಹಣವನ್ನು ಕೈಬಿಟ್ಟು ಹೀಗೆ ಹೇಳಬಲ್ಲ ಮಿಸ್ತ್ರಿಯ ಮಾತಿಗೆ ಯಜಮಾನರು ಕೋಪಿಸಿಕೊಳ್ಳುವುದನ್ನು ನಾನು ಕಂಡಿರುವೆನು. ಕೋಪಿಸಿಕೊಂಡವರಿಗೆ ಮತ್ತೊಬ್ಬನು ಸಿಕ್ಕೇ ಸಿಗುವನು. ಅವನು ಏನನ್ನೂ ಹೇಳದೆ ಕೂರಿಸಿ ಹೋಗುವನು.

ಹಂಡೆಯನ್ನು ಮಾಳಿಗೆಗೆ ಏರಿಸುವ ಕೆಲಸವನ್ನಂತೂ ನಿಂತು ನೋಡಬೇಕು. ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ ಅದು ಹಿಡಿಸದು. ಹೊರಗೋಡೆಯ ಕಡೆಯಿಂದ ಹಗ್ಗ ಕಟ್ಟಿ ಸೇದುವರು. ಹಗ್ಗ ಹೊಸೆಯುವುದನ್ನೇ ಕಾಯಕವಾಗಿ ಹಿಡಿದಿದ್ದ ಶರಣ ನುಲಿಯ ಚಂದಯ್ಯನ ಹೆಸರಿನ ಗವಿಯು ಇರುವ ಊರು ನಮ್ಮದು. ಆದರೂ ಸವೆದ ಹಗ್ಗದಿಂದ ಈ ಕೆಲಸವನ್ನು ಮಾಡಿಸುವ ಜಿಪುಣರು ಇಲ್ಲಿಯೂ ಇರುವರೆಂಬುದು ಆಶ್ಚರ್ಯ.

ಕೊಳವೆಗಳ ಜೋಡಣೆಯಲ್ಲಿ ಗೃಹಸ್ಥನು ಅರಿತಿರಬೇಕಾದ ಸಂಗತಿಗಳು ಕೆಲವುಂಟು. ತಣ್ಣೀರಿನ ಟಾಕಿಯು ಬಿಸಿನೀರಿನ ಹಂಡೆಗಿಂತ ಎತ್ತರದಲ್ಲಿರಬೇಕು. ಏಕೆಂದರೆ ಬಿಸಿನೀರು ಹಂಡೆಯ ಮೇಲ್ಭಾಗದಿಂದ ಹೊರಡುವುದು, ತಾನಾಗಿ ಅಲ್ಲ; ಕೆಳಗಿನಿಂದ ಬರುವ ತಣ್ಣೀರು ಅದನ್ನು ತಳ್ಳಿದರೆ ಮಾತ್ರ. ಬೇಸಗೆಯಲ್ಲಿ ನಳದ ನೀರು ನಾಲ್ಕು ದಿನ ಬಾರದೆ ಮೇಲಿನ ಟಾಕಿಯು ಬರಿದಾದಾಗ, 'ಹಂಡೆ ತುಂಬ ಬಿಸಿನೀರಿದ್ದರೂ ಬಚ್ಚಲಿಗೆ ಹನಿಯೂ ಇಲ್ಲ'ವೆಂದು ಮಿಸ್ತ್ರಿಯನ್ನು ಕರೆದು ಬೈಯುವವರು ಈ ಒಂದು ವಾಕ್ಯವನ್ನು ನೆನೆಯಬೇಕು. ಇನ್ನು ಹಂಡೆಯ ನೆತ್ತಿಯಿಂದ ಮೇಲೆದ್ದಿರುವ ಗಾಳಿಕೊಳವೆ. ಅದರಿಂದ ಒಮ್ಮೊಮ್ಮೆ ಹಬೆಯೋ ಹನಿಯೋ ಹೊರಬರುವುದನ್ನು ಕಂಡು, ನೀರು ವ್ಯರ್ಥವಾಗುವುದೆಂದು ಬೂಚು ಬಡಿದವರುಂಟು. ಆ ಕೊಳವೆಯು ಹಂಡೆಯ ಮೂಗು. ಅದನ್ನು ಮುಚ್ಚಿದರೆ ಶಾಖದ ಒತ್ತಡಕ್ಕೆ ಹಂಡೆಯು ಬಿರಿಯಬಹುದು. ನೀರು ಹೊರಗೆ ಹರಿದಾಗ ಗಾಳಿ ಒಳಬಾರದೆ ಕುಸಿದು ಸೊಟ್ಟಾಗಲೂಬಹುದು. ಬಚ್ಚಲು ಹಂಡೆಯಿಂದ ದೂರವಾದಷ್ಟೂ ನಷ್ಟ. ಮುಕ್ಕಾಲು ಅಂಗುಲದ ಕೊಳವೆಯಲ್ಲಿ ೨೦ ಮೀಟರಿಗೆ ಸುಮಾರು ೬ ಲೀಟರು ನೀರು ನಿಂತಿರುವುದು. ಬೆಳಗ್ಗೆ ಅಷ್ಟೂ ತಣ್ಣೀರು ಹರಿದುಹೋದ ಮೇಲೆಯೇ ಬಿಸಿನೀರಿನ ದರ್ಶನ. ನೀರಿಗೆ ಬರವಿರುವ ನಮ್ಮ ಕಡೆ ಆ ಮೊದಲ ನೀರನ್ನು ಬಕೀಟಿನಲ್ಲಿ ಹಿಡಿದು ಬೇರೆ ಕೆಲಸಕ್ಕೆ ಬಳಸುವ ಮನೆಯಾಕೆಗೆ ನನ್ನ ನಮಸ್ಕಾರ. ಹೊಸ ಮನೆ ಕಟ್ಟುವವರು ಬಚ್ಚಲನ್ನೂ ಹಂಡೆಯ ಜಾಗವನ್ನೂ ಒಂದೇ ನೇರಕ್ಕೆ ತರುವುದು ಮೇಲು.

ಯಂತ್ರವು ಕೆಟ್ಟಾಗ ಈ ವಿದ್ಯೆಯ ನಿಜವಾದ ಪರೀಕ್ಷೆ. ಕಳೆದ ಚಳಿಗಾಲದಲ್ಲಿ ಬಸವಕಲ್ಯಾಣದ ನಮ್ಮ ಬೀದಿಯ ಮನೆಯೊಂದಕ್ಕೆ ಮಿಸ್ತ್ರಿಯೊಬ್ಬನು ಬಂದಿದ್ದಾಗ ನಾನೂ ಅಲ್ಲಿದ್ದೆನು. ಇಪ್ಪತ್ತೈದರ ತರುಣ. ಮನೆಯ ಹಿರಿಯಳು ಅವನನ್ನು ತರಾಟೆಗೆ ತೆಗೆದುಕೊಂಡಿದ್ದಳು: "ತಮ್ಮಾ, ಬಿಸಿಲು ಇಷ್ಟು ಬೀಳ್ತದ, ನೀರು ಯಾಕ ಬೆಚ್ಚಗ ಸುದ್ದಾ ಆಗವಲ್ವು?" ಅವನು ಮಾತನಾಡದೆ ಮೇಲೆ ಹೋಗಿ ಹಂಡೆಯ ಕೆಳಗಿನ ಕೊಳವೆಯನ್ನೊಮ್ಮೆ, ಮೇಲಿನದನ್ನೊಮ್ಮೆ ಅಂಗೈಯಿಂದ ಮುಟ್ಟಿ ನೋಡಿದನು, ಕೆಳಗಿಳಿದು ಬಚ್ಚಲಿನೊಳಗೆ ಹೊಕ್ಕು ನಳಗಳನ್ನು ತಿರುವಿದನು, ಹೊರಗೆ ಬಂದು ಹೇಳಿದನು: "ಆಯೀ, ಮ್ಯಾಲ ನೀರು ಕಾಯ್ದಾವ್ರಿ. ನಿಮ್ಮ ಬಚ್ಚಲದಾಗ ಎರಡೂ ನೀರು ಕೂಡೋ ನಳದ ಎರಡೂ ಕೀಲಿ ಬಿಟ್ಟು, ಜಳಕದ ಪೈಪಿನ ಬಾಯಿ ಒಂದೇ ಬಂದ್ ಮಾಡ್ಯಾರ್ರಿ. ತಣ್ಣೀರು ಆ ಹಾದಿ ಹಿಡಿದು ಬಿಸಿನೀರಿನ ಪೈಪಿನ್ಯಾಗ ಹೊಕ್ಕಾದ." ಎರಡು ಕೀಲಿಗಳನ್ನು ತಿರುವಿದುದಷ್ಟೇ ಚಿಕಿತ್ಸೆ. ವೈದ್ಯನು ನಾಡಿಯನ್ನು ಹಿಡಿದು ನೋಡಿದಂತೆ ಅವನು ಕೊಳವೆಯನ್ನು ಮುಟ್ಟಿ ನೋಡಿದ ಬಗೆಯು ನನಗೆ ಬಹಳ ಹಿಡಿಸಿತು. ಆದರೆ, ಯಾವ ಸಾಮಾನನ್ನೂ ಬದಲಾಯಿಸಲಿಲ್ಲವಾದುದರಿಂದ ಅವನಿಗೆ ಏನು ಕೊಡಬೇಕೆಂಬ ಪ್ರಶ್ನೆಯೆದ್ದಿತು. ಚಹ ಕೊಟ್ಟು ಕಳುಹಿಸಿದರು. ಹತ್ತು ಮೈಲಿಯಾಚೆಯಿಂದ ತನ್ನ ಮೋಟಾರುಸೈಕಲ್ಲಿಗೆ ಪೆಟ್ರೋಲು ಹಾಕಿಕೊಂಡು ಬಂದವನಿಗೆ ಒಂದು ಬಟ್ಟಲು ಚಹ! ವೈದ್ಯನು ಔಷಧವನ್ನು ಬರೆಯದೆ 'ನಿಮಗೇನೂ ರೋಗವಿಲ್ಲ'ವೆಂದರೂ ನಾವು ಅವನ ಕಾಣಿಕೆಯನ್ನು ಕೊಟ್ಟೇ ಏಳುತ್ತೇವೆ.

ನಮ್ಮ ಕಡೆಯ ದೊಡ್ಡ ವ್ಯಾಧಿಯೆಂದರೆ ಗಡಸುನೀರು. ಕೊಳವೆಬಾವಿಯ ನೀರಿನಲ್ಲಿ ಕರಗಿರುವ ಸುಣ್ಣದಂಶವು ನೀರು ಕಾಯ್ದಾಗ ಬೇರ್ಪಟ್ಟು ಬಿಳಿಯ ಗಾರೆಯಂತೆ ಕೊಳವೆಯ ಒಳಗೋಡೆಗೆ ಹತ್ತುವುದು. ನೀರು ಕಾಸಿದ ಹಳೆಯ ಬಂಬದ ತಳದಲ್ಲಿ ಇದನ್ನು ಕಾಣದ ಗೃಹಿಣಿಯಿಲ್ಲ. ಚಪ್ಪಟೆ ಫಲಕದ ತಾಮ್ರದ ಕೊಳವೆಗಳು ಬೆರಳಿಗಿಂತ ಸಣ್ಣವಾದುದರಿಂದ ಕೆಲವೇ ವರ್ಷಗಳಲ್ಲಿ ಕಟ್ಟಿಕೊಳ್ಳುವುವು. ಮಿಸ್ತ್ರಿಯು ಅವನ್ನು ಬಿಚ್ಚಿ, ನೀರು ಬೆರೆಸಿದ ಆಮ್ಲವನ್ನು ಹಾಯಿಸಿ ಕರಗಿಸಬೇಕಾಗುವುದು. ಗಾಜಿನ ಕೊಳವೆಗಳು ಅಗಲವಾದುದರಿಂದ ಬೇಗನೆ ಕಟ್ಟಿಕೊಳ್ಳವು. ಆದರೆ ತಳದಲ್ಲಿ ಸುಣ್ಣದ ಹಿಟ್ಟು ಕೂಡುವುದು. ಬಾವಿಯ ನೀರು ತೀರ ಗಡಸಾದರೆ, ಆ ನೀರು ಫಲಕದೊಳಗೆ ಹೋಗದೆ ಹೊರಗಿನಿಂದಲೇ ಶಾಖವನ್ನು ಪಡೆಯುವಂಥ ಏರ್ಪಾಡಿನ ಯಂತ್ರವನ್ನು ಕೊಳ್ಳಬೇಕು. ಹಂಡೆಯೊಳಗೆ ಮೆಗ್ನೀಸಿಯಮ್ ಲೋಹದ ಒಂದು ಕೋಲನ್ನು ಇಟ್ಟಿರುವರು. ನೀರಿನ ತುಕ್ಕನ್ನು ತಾನು ಉಂಡು ಹಂಡೆಯನ್ನು ಕಾಯುವುದು ಅದರ ಧರ್ಮ. ಅದು ಸವೆದು ಮುಗಿದ ಮೇಲೆ ಹೊಸದನ್ನು ಹಾಕದಿದ್ದರೆ ತುಕ್ಕು ಹಂಡೆಯನ್ನೇ ತಿನ್ನತೊಡಗುವುದು. ವರ್ಷಕ್ಕೊಮ್ಮೆ, ಮಳೆ ನಿಂತು ಚಳಿ ಬೀಳುವ ಮುನ್ನ, ಮಿಸ್ತ್ರಿಯನ್ನು ಕರೆಸಿ ಹಂಡೆಯ ತಳದ ಕೆಸರನ್ನು ಬಿಡಿಸಿ, ಈ ಕೋಲನ್ನು ನೋಡಿಸುವವರು ನೂರಕ್ಕೆ ಎಷ್ಟು ಮಂದಿ? ಎತ್ತಿಗೆ ಲಾಳ ಕಟ್ಟಿಸುವುದನ್ನು ನಮ್ಮ ಹಿರಿಯರು ಮರೆಯುತ್ತಿರಲಿಲ್ಲ.

ಗಾಜಿನ ಕೊಳವೆಗಳಿಗೆ ಬೇರೆ ಶತ್ರುಗಳು. ಮಂಗಗಳು, ಓಣಿಯ ಹುಡುಗರ ಚೆಂಡು, ಆಲಿಕಲ್ಲು. ೨೦೧೪ರ ಫೆಬ್ರವರಿ-ಮಾರ್ಚಿಯಲ್ಲಿ ನಮ್ಮ ಸೀಮೆಯಲ್ಲಿ ಬಿದ್ದ ಆಲಿಕಲ್ಲಿನ ಮಳೆಯನ್ನು ಹೊಲದವರೂ ಮರೆತಿಲ್ಲ, ಮಾಳಿಗೆಯವರೂ ಮರೆತಿಲ್ಲ. ಒಂದು ಕೊಳವೆ ಒಡೆದರೆ ಹಂಡೆಯ ನೀರೆಲ್ಲ ಆ ದಾರಿಯಿಂದಲೇ ಹರಿದುಹೋಗುವುದು. ಒಡೆಯದೆಯೂ ಕೆಡುವುದುಂಟು: ಕೊಳವೆಯ ತುದಿಯು ಕನ್ನಡಿಯಂತೆ ಬೆಳ್ಳಿಯ ಬಣ್ಣದಲ್ಲಿದ್ದರೆ ಆರೋಗ್ಯ, ಹಾಲಿನಂತೆ ಬಿಳುಪಾದರೆ ಒಳಗೆ ಗಾಳಿ ಹೊಕ್ಕಿತೆಂದು ಅರ್ಥ. ಇದನ್ನು ಮನೆಯವರೇ ನೆಲದಿಂದ ನೋಡಿ ತಿಳಿಯಬಹುದು. ಆದರೆ ಬದಲಾಯಿಸುವ ಕೆಲಸಕ್ಕೆ ಅವಸರಪಡತಕ್ಕದ್ದಲ್ಲ. ಬರಿದಾಗಿ ಬಿಸಿಲಿನಲ್ಲಿ ನಿಂತ ಕೊಳವೆಯು ಒಳಗೆ ಉರಿಯುತ್ತಿರುವುದು. ಮಧ್ಯಾಹ್ನದಲ್ಲಿ ಅದಕ್ಕೆ ತಣ್ಣೀರನ್ನು ಬಿಟ್ಟರೆ ಗಾಜು ಸಿಡಿಯುವುದು. ಅದಕ್ಕಾಗಿ ಮಿಸ್ತ್ರಿಯು ಬಿಸಿಲೇರುವ ಮುನ್ನ ನೀರು ತುಂಬುವನು, ಇಲ್ಲವೇ ಗೋಣಿತಟ್ಟನ್ನು ಮುಚ್ಚಿಟ್ಟು ಸಂಜೆಯನ್ನು ಕಾಯುವನು. 'ಹನ್ನೆರಡು ಗಂಟೆಗೆ ಕರೆದರೆ ನಾಳೆ ಬೆಳಗ್ಗೆ ಬರುವೆನೆಂದನು, ಸೊಕ್ಕು' ಎಂದು ದೂರುವವರು ಇದನ್ನು ತಿಳಿದರೆ ಒಳ್ಳೆಯದು.

ಇಷ್ಟೆಲ್ಲವನ್ನೂ ಈ ತರುಣರು ಎಲ್ಲಿ ಕಲಿಯುವರು? ಕೈಗಾರಿಕಾ ತರಬೇತಿಯ ಸಂಸ್ಥೆಗಳಲ್ಲಿ ಫಿಟ್ಟರನ ಅಥವಾ ವಿದ್ಯುತ್ತಿನ ಕೆಲಸವನ್ನು ಕಲಿತು ಬಂದವರು ಕೆಲವರು. ಸೌರಕೆಲಸಗಳಿಗೆಂದೇ ತರಬೇತಿಯನ್ನು ನಿಯಮಿಸುವ ಮಂಡಳಿಯು ದೇಶದಲ್ಲಿ ೨೦೧೫ರಲ್ಲಿ ಸ್ಥಾಪಿತವಾಗಿ, ಮನೆಯ ಸೋಲಾರ ಬಿಸಿನೀರಿನ ಮಿಸ್ತ್ರಿಗೂ ಒಂದು ಅರ್ಹತೆಯನ್ನು ಗೊತ್ತುಮಾಡಿದೆ. ಆದರೆ ಹೆಚ್ಚಿನವರು ಹಿರಿಯ ಮಿಸ್ತ್ರಿಯ ಹಿಂದೆ ಪಾನಾ ಹಿಡಿದುಕೊಂಡು ತಿರುಗಿ ಕಲಿತವರು. ಈ ಪದ್ಧತಿಯನ್ನು ಹೀನವೆಂದು ಹೇಳಲಾರೆನು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಶಿಲ್ಪವನ್ನು ಕಲಿಯಬಂದ ಅಂತೇವಾಸಿಗೆ ಒಂದು ನಿಯಮವಿದೆ: ಕೆಲಸವು ಕೈಗೆ ಬಂದ ಮೇಲೆಯೂ ಒಪ್ಪಿದ ಅವಧಿ ಮುಗಿಯುವವರೆಗೆ ಅವನು ಗುರುವಿನ ಮನೆಯಲ್ಲಿರಬೇಕು, ಗುರುವು ಅವನಿಗೆ ಊಟವಿಕ್ಕಬೇಕು, ಅವನು ತನ್ನ ಕೆಲಸದ ಫಲವನ್ನು ಗುರುವಿಗೆ ಸಲ್ಲಿಸಬೇಕು. ಈ ಸ್ಮೃತಿಗೆ ವಿಜ್ಞಾನೇಶ್ವರನು 'ಮಿತಾಕ್ಷರಾ' ವ್ಯಾಖ್ಯಾನವನ್ನು ಬರೆದದ್ದು ಇದೇ ಕಲ್ಯಾಣದಲ್ಲಿ, ೧೦೭೬ರಿಂದ ೧೧೨೬ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಇಂದಿನ ಅಂತೇವಾಸಿಗೆ ಶಿಲ್ಪವು ದೊರೆಯುತ್ತಿದೆ. ಅವಧಿಯ ಒಪ್ಪಂದವಿಲ್ಲ, ಊಟದ ಹೊಣೆಯಿಲ್ಲ, ಬಿದ್ದರೆ ಕೇಳುವವರಿಲ್ಲ.

ಬೀಳುವ ಮಾತನ್ನು ಸುಮ್ಮನೆ ಆಡಲಿಲ್ಲ. ಎರಡನೆಯ ಅಂತಸ್ತಿನ ಮೇಲೆ, ಕೈಪಿಡಿಗೋಡೆಯಿಲ್ಲದ ಅಂಚಿನಲ್ಲಿ, ಒಂದು ಕಾಲನ್ನು ಟಾಕಿಯ ಮೇಲೂ ಇನ್ನೊಂದನ್ನು ಏಣಿಯ ಮೇಲೂ ಇಟ್ಟು ಕೆಲಸ ಮಾಡುವವರನ್ನು ನಾವು ದಿನವೂ ನೋಡುತ್ತೇವೆ. ನಡುಪಟ್ಟಿ ಕಟ್ಟಿಕೊಳ್ಳಲು ಐದು ನಿಮಿಷ ಬೇಕು. ಆ ಐದು ನಿಮಿಷವನ್ನು ಯಜಮಾನನು ಕೊಡಬೇಕು, ಪಟ್ಟಿಯನ್ನು ಅಂಗಡಿಯವನು ಕೊಡಬೇಕು. ಮೋಡದ ದಿನಗಳಿಗಾಗಿ ಹಂಡೆಯೊಳಗೆ ವಿದ್ಯುತ್ತಿನ ಕಾಯಿಲನ್ನು ಇಡಿಸುವವರು, ಅದಕ್ಕೆ ಭೂಮಿಗೆ ಹೋಗುವ ತಂತಿಯೂ, ವಿದ್ಯುತ್ತು ಸೋರಿದೊಡನೆ ತಾನಾಗಿ ಕಡಿದುಬೀಳುವ ಸ್ವಿಚ್ಚೂ ಇದೆಯೇ ಎಂದು ಕೇಳದೆ ಸ್ನಾನಕ್ಕಿಳಿಯಬಾರದು. ಇದು ಮಿಸ್ತ್ರಿಯ ಪ್ರಾಣದ ವಿಚಾರವೂ ಹೌದು, ನಮ್ಮ ಮಕ್ಕಳ ಪ್ರಾಣದ ವಿಚಾರವೂ ಹೌದು. ಬಕೀಟಿನಲ್ಲಿ ಇಳಿಬಿಡುವ ವಿದ್ಯುತ್ತಿನ ಸಲಾಕೆಯ ವಿಷಯದಲ್ಲಿ ನನ್ನ ಅಭಿಪ್ರಾಯವು ಒಂದೇ: ಅದು ಮನೆಯಲ್ಲಿರತಕ್ಕದ್ದೇ ಅಲ್ಲ.

ಈ ಕಸುಬಿನ ಮುಂದಿನ ಗತಿಯೇನು? ೨೦೦೭ರಲ್ಲಿ ಕರ್ನಾಟಕ ಸರ್ಕಾರವು ನಗರಸೀಮೆಗಳಲ್ಲಿ ಗೊತ್ತಾದ ಅಳತೆಗೆ ಮೀರಿದ ಮನೆಗಳಿಗೆ ಸೋಲಾರವನ್ನು ಕಡ್ಡಾಯ ಮಾಡಿದಾಗ ಬೆಂಗಳೂರಿನಿಂದ ಹಿಡಿದು ಸಣ್ಣ ಊರುಗಳವರೆಗೆ ಕೆಲಸವು ಬೆಳೆಯಿತು. ೨೦೨೩ರಲ್ಲಿ ಗೃಹಜ್ಯೋತಿ ಯೋಜನೆಯು ಬಂದು ತಿಂಗಳಿಗೆ ೨೦೦ ಯೂನಿಟ್ಟಿನ ಮಿತಿಯೊಳಗೆ ಮನೆಯ ವಿದ್ಯುತ್ತು ಪುಕ್ಕಟೆಯಾದ ಮೇಲೆ, 'ಗೀಸರ್ ಇದ್ದರೆ ಸಾಕಲ್ಲ' ಎನ್ನುವವರು ಹೆಚ್ಚಿದರು. ಬಡವರ ಮನೆಗೆ ಬೆಳಕು ಬಂದುದಕ್ಕೆ ಯಾರೂ ಅಸೂಯೆಪಡಬೇಕಾಗಿಲ್ಲ. ಆದರೆ ಪುಕ್ಕಟೆಯೆಂಬ ಕಾರಣಕ್ಕೆ ಕೂರಿಸಿದ ಗೀಸರು ಚಳಿಗಾಲದಲ್ಲಿ ಮಿತಿಯನ್ನು ದಾಟಿಸಿಬಿಟ್ಟರೆ, ಆ ತಿಂಗಳ ಪೂರ್ಣ ಬಿಲ್ಲು ಬಾಗಿಲಿಗೆ ಬರುವುದೆಂಬುದನ್ನು ನೆನಪಿಡಬೇಕು. ೨೦೨೪ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಮಾಳಿಗೆಯ ಮೇಲೆ ವಿದ್ಯುತ್ತನ್ನು ಉತ್ಪಾದಿಸುವ ಫಲಕಗಳಿಗೆ ೭೮,೦೦೦ ರೂಪಾಯಿಯವರೆಗೆ ಸಹಾಯಧನವನ್ನು ಸಾರಿದುದರಿಂದ ಬಿಸಿಲಿಗೂ ಮಾಳಿಗೆಗೂ ಇನ್ನೊಬ್ಬ ಹಕ್ಕುದಾರನು ಹುಟ್ಟಿರುವನು. ಆ ಫಲಕವು ತನ್ನ ಮೇಲೆ ಬಿದ್ದ ಬಿಸಿಲಿನ ಐದರಲ್ಲೊಂದು ಪಾಲನ್ನು ವಿದ್ಯುತ್ತಾಗಿ ಮಾರ್ಪಡಿಸಿದರೆ, ನೀರು ಕಾಯಿಸುವ ಯಂತ್ರವು ಅರ್ಧದಷ್ಟನ್ನು ಶಾಖವಾಗಿ ಹಿಡಿಯಬಲ್ಲುದು. ಸ್ನಾನದ ನೀರಿಗಂತೂ ಹಳೆಯದೇ ಮಿತವ್ಯಯದ ದಾರಿ. ಜಾಣರಾದ ಮಿಸ್ತ್ರಿಗಳು ಈಗ ಎರಡನ್ನೂ ಕಲಿಯುತ್ತಿರುವರು. ದಸರೆಯಿಂದ ಸಂಕ್ರಾಂತಿಯವರೆಗೆ ಬಿಸಿನೀರಿನ ಕೆಲಸ, ಬೇಸಗೆಯಲ್ಲಿ ವಿದ್ಯುತ್ತಿನ ಫಲಕದ್ದು, ನಡುವೆ ನಳದ ಸಣ್ಣಪುಟ್ಟ ರಿಪೇರಿ. ಹೈದರಾಬಾದಿಗೋ ಪುಣೆಗೋ ಹೊರಡುವ ಬಸ್ಸನ್ನು ಹತ್ತದೆ ಹೆದ್ದಾರಿಯ ಬದಿಯ ತಮ್ಮ 

ಊರಿನಲ್ಲಿಯೇ ಉಳಿದು ಸಂಸಾರ ನಡೆಸಲು ಇಷ್ಟು ಕೆಲಸವು ಸಾಲುವುದೋ ಇಲ್ಲವೋ ಎಂಬುದು, ನಾವು ವರ್ಷಕ್ಕೊಮ್ಮೆ ಅವರನ್ನು ಕರೆಯುವೆವೋ ಇಲ್ಲವೋ ಎಂಬುದರ ಮೇಲೆ ಬಹುಮಟ್ಟಿಗೆ ನಿಂತಿದೆ.

ಇಷ್ಟರಲ್ಲಿ ಹುಮನಾಬಾದಿನ ವಾಚಕರೊಬ್ಬರ ಪತ್ರಕ್ಕೆ ಉತ್ತರ ಕೊಡಬೇಕಾಗಿದೆ. ಅವರ ಮನೆಯ ಚಪ್ಪಟೆ ಫಲಕದ ಯಂತ್ರಕ್ಕೆ ಹದಿನೈದು ವರ್ಷವಾಗಿ ನೀರು ಉಗುರುಬೆಚ್ಚಗಾಗಿ ಬರುತ್ತಿದೆಯಂತೆ. ಅಂಗಡಿಯವರು ಅದನ್ನು ಗುಜರಿಗೆ ಹಾಕಿ ಹೊಸದನ್ನು ಕೊಳ್ಳಿರೆಂದು ಹೇಳಿರುವರಂತೆ. ಅವಸರ ಬೇಡ. ಮೊದಲು ಬೆಳಗ್ಗೆ ಗಾಜನ್ನು ತೊಳೆದು, ಎರಡು ದಿನ ನೋಡಿರಿ. ಆಮೇಲೆ ಮಿಸ್ತ್ರಿಯನ್ನು ಕರೆಸಿ ಫಲಕದ ಕೊಳವೆಗಳನ್ನು ಆಮ್ಲದಿಂದ ತೊಳೆಯಿಸಿರಿ. ತಾಮ್ರವು ಸೋರದಿದ್ದರೆ ಅದು ಇನ್ನೂ ಹಲವು ವರ್ಷ ನಡೆಯಬಹುದು. ಹಂಡೆಯ ಹೊರಮೈಯನ್ನು ನಸುಕಿನಲ್ಲಿ ಮುಟ್ಟಿ ನೋಡಿರಿ. ಅದು ಬೆಚ್ಚಗಿದ್ದರೆ ಒಳಗಿನ ಶಾಖರಕ್ಷಕವು ನೆನೆದು ಕೆಟ್ಟಿದೆಯೆಂದು ತಿಳಿದು ಹಂಡೆಯೊಂದನ್ನೇ ಬದಲಾಯಿಸಬಹುದು. ಎರಡೂ ಕೆಟ್ಟಿದ್ದು, ಹೊಸದೇ ಬೇಕಾದ ಪಕ್ಷದಲ್ಲಿ, ಹಳೆಯ ಫಲಕದೊಳಗಿನ ತಾಮ್ರಕ್ಕೆ ಒಳ್ಳೆಯ ಬೆಲೆಯಿರುವುದರಿಂದ ಅದನ್ನು 'ಹಳೆಯ ಸಾಮಾನು' ಎಂದು ಒಟ್ಟಾಗಿ ಕೊಟ್ಟುಬಿಡದೆ, ಗಾಜು ಮತ್ತು ಚೌಕಟ್ಟನ್ನು ಬಿಚ್ಚಿಸಿ ತಾಮ್ರವನ್ನು ಬೇರೆಯಾಗಿ ತೂಗಿಸಿ ಕೊಡತಕ್ಕದ್ದು.